ಐವತ್ತು ಮಂದಿಯೂ ಇಲ್ಲದ ಒಂದು ಪೋಲಿಷ್ ಸರ್‌ನೇಮ್: ಪ್ರಕರಣ ಅಧ್ಯಯನ

ಈ ಬರಹದಲ್ಲಿ ಆ ಹೆಸರನ್ನು ನಾನು ಎಲ್ಲೂ ಬರೆಯುವುದಿಲ್ಲ. ನೊವಾಕ್ ಅಂತ ಬರೆದರೆ ಯಾರಿಗೂ ತೊಂದರೆ ಇಲ್ಲ. ಪೋಲೆಂಡಿನಲ್ಲಿ ಸುಮಾರು 2 ಲಕ್ಷ ನೊವಾಕ್‌ಗಳಿದ್ದಾರೆ. ಆದರೆ ಇಡೀ ದೇಶ ಹುಡುಕಿದರೂ ಐವತ್ತು ಜನ ಸಿಗದ ಹೆಸರನ್ನು ಬರೆಯುವುದಕ್ಕೂ ಅವರ ವಿಳಾಸ ಕೊಡುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಊರು, ಇಸವಿಗಳನ್ನೂ ಅಲ್ಲಲ್ಲಿ ಸಡಿಲ ಮಾಡಿದ್ದೇನೆ. ಓದುವವರಿಗೆ ಗೊತ್ತಿರಬೇಕಾದದ್ದು ಇಷ್ಟೇ: ಹೆಸರು ಚಿಕ್ಕದು, ಪೋಲಿಷ್‌ನಲ್ಲಿ ಎಚ್ ಅಕ್ಷರದಿಂದ ಶುರುವಾಗುತ್ತದೆ, ಪೋಲಿಷ್ ಹೆಸರುಗಳಲ್ಲಿ ಬಹಳ ಕಾಣುವ -ಸ್ಕಿ ಇದರ ಕೊನೆಯಲ್ಲಿ ಇಲ್ಲ.

ಹಳೆಯ ಪೋಲಿಷ್ ಚರ್ಚ್ ದಾಖಲೆಗಳನ್ನು ಓದಿಕೊಡುವ ಕೆಲಸದಲ್ಲಿ ನನ್ನ ಹತ್ತಿರ ಬಂದ ಪ್ರಕರಣ ಇದು. ತಮ್ಮ ಮನೆತನದ ಹೆಸರಿನ ಬೆನ್ನು ಹತ್ತುವವರು ಯಾವ ದೇಶದವರೇ ಆಗಲಿ, ಇದರ ತಿರುವುಗಳು ಅವರಿಗೆ ಉಪಯೋಗಕ್ಕೆ ಬರುತ್ತವೆ ಅನ್ನಿಸಿ ಪೂರ್ತಿ ಬರೆಯುತ್ತಿದ್ದೇನೆ.

ಕೇಳಿದವರು ಮತ್ತು ಅವರ ಕೈಯಲ್ಲಿದ್ದದ್ದು

ಕೇಳಿದವರು ಅರವತ್ತು ದಾಟಿದ ಮಹಿಳೆ. ಹುಟ್ಟಿ ಬೆಳೆದದ್ದು ಅಮೆರಿಕದ ಪೆನ್ಸಿಲ್ವೇನಿಯಾದ ಈಶಾನ್ಯ ಭಾಗದ ಒಂದು ಗಣಿ ಪಟ್ಟಣದಲ್ಲಿ. ಅವರ ತಂದೆಯ ತಂದೆ ಮೊದಲ ಮಹಾಯುದ್ಧಕ್ಕೆ ಮುಂಚೆ ಪೋಲೆಂಡಿನಿಂದ ಬಂದು ಆಂಥ್ರಸೈಟ್ ಕಲ್ಲಿದ್ದಲು ಗಣಿಗೆ ಇಳಿದವರು. ಆಗ ಪೋಲೆಂಡ್ ಅನ್ನುವ ದೇಶವೇ ನಕ್ಷೆಯಲ್ಲಿ ಇರಲಿಲ್ಲ. 1772, 1793, 1795 ಅಂತ ಮೂರು ಕಂತಿನಲ್ಲಿ ಅಕ್ಕಪಕ್ಕದ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಅದನ್ನು ಹಂಚಿಕೊಂಡಿದ್ದವು. ಹಾಗಾಗಿ ಅಜ್ಜನ ಅಮೆರಿಕನ್ ಕಾಗದಗಳಲ್ಲೆಲ್ಲ ಹುಟ್ಟಿದ ದೇಶ ರಷ್ಯಾ ಅಂತಲೇ ಇದೆ.

ಅಣ್ಣ ತೀರಿಹೋದ ಮೇಲೆ ಆ ಪಟ್ಟಣದಲ್ಲಿ ಆ ಹೆಸರಿನವರು ಅಂತ ಉಳಿದದ್ದು ಇವರೊಬ್ಬರೇ. ಅದೇ ಅವರನ್ನು ಕಾಡಿತು. ಹೆಸರು ಎಲ್ಲಿಂದ ಬಂತು, ಅದರ ಅರ್ಥ ಏನು, ಜಗತ್ತಿನಲ್ಲಿ ಇನ್ನೂ ಎಷ್ಟು ಜನ ನಮ್ಮವರು ಇದ್ದಾರೆ ಅನ್ನುವ ಮೂರು ಪ್ರಶ್ನೆ ಇಟ್ಟುಕೊಂಡು ಬಂದರು. ಮೂರಕ್ಕೂ ಒಂದೊಂದು ಸಿದ್ಧ ಉತ್ತರ ಅವರ ಮನೆಯಲ್ಲಿ ಆಗಲೇ ಇತ್ತು.

ಮೊದಲನೆಯದು ಗೋಡೆಯ ಮೇಲಿನ ಲಾಂಛನ. ದುಡ್ಡು ಕೊಟ್ಟು ತರಿಸಿದ್ದು, ಕೆಳಗೆ ಅವರ ಸರ್‌ನೇಮ್ ಅಚ್ಚಾಗಿತ್ತು. ಅದನ್ನು ನೋಡಿ ನೋಡಿ ನಮ್ಮದು ಶ್ಲಾಖ್ತಾ, ಅಂದರೆ ಕುಲೀನರ ಮನೆತನ ಅಂತ ಎರಡು ತಲೆಮಾರು ನಂಬಿತ್ತು. ಪೋಲೆಂಡಿನ ಲಾಂಛನ ಪದ್ಧತಿಯೇ ಬೇರೆ. ಅಲ್ಲಿ ಒಂದು ಲಾಂಛನವನ್ನು ಬೇರೆ ಬೇರೆ ಸರ್‌ನೇಮ್ ಇರುವ ಹತ್ತಾರು, ಕೆಲವೊಮ್ಮೆ ನೂರಾರು ಮನೆತನಗಳು ಹಂಚಿಕೊಂಡಿರುತ್ತವೆ. ಒಂದೇ ಸರ್‌ನೇಮ್ ಇರುವ ಎರಡು ಮನೆತನಗಳಿಗೆ ಎರಡು ಲಾಂಛನ ಇರುವುದೂ ಉಂಟು. ಸುಮ್ನೆ ಸರ್‌ನೇಮ್ ನೋಡಿ ಲಾಂಛನ ಕೊಡುವುದಕ್ಕೆ ಆಗುವುದೇ ಇಲ್ಲ.

ಎರಡನೆಯದು ಎಲ್ಲಿಸ್ ದ್ವೀಪದ ಕಥೆ. ಹಡಗಿನಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಜಾಗ ಅದು. ಹೆಸರು ಮೊದಲು ಉದ್ದ ಇತ್ತು, ಕೊನೆಗೆ -ಸ್ಕಿ ಇತ್ತು, ಬಂದರಿನ ಅಧಿಕಾರಿ ಕತ್ತರಿಸಿದ ಅಂತ ಮನೆಯವರು ಹೇಳುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದವರ ಮನೆಗಳಲ್ಲಿ ಈ ಕಥೆ ಬಹಳ ಜಾಸ್ತಿ. ನಿಜವಾಗಿ ಪ್ರಯಾಣಿಕರ ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹೊರಡುವ ಬಂದರಿನಲ್ಲಿ. ನ್ಯೂಯಾರ್ಕಿನ ಅಧಿಕಾರಿಗಳು ಅದೇ ಪಟ್ಟಿ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಅಜ್ಜನ ಹಡಗಿನ ಪಟ್ಟಿ ತೆಗೆಸಿ ನೋಡಿದಾಗ ಹೆಸರು ಅಲ್ಲೂ ಚಿಕ್ಕದಾಗಿಯೇ ಇತ್ತು. ಅಲ್ಲಿಗೆ ಆ ಕಥೆ ಬಿಟ್ಟೆವು. ಆದರೂ -ಸ್ಕಿ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಅದು ಮುಂದೆ ಬರುತ್ತದೆ.

ಮೂರನೆಯದು ಒಂದು ಜಾಲತಾಣ ಕೊಟ್ಟ ಉತ್ತರ: ಇದು ಉಕ್ರೇನಿಯನ್ ಮೂಲದ ಹೆಸರು, ಜಗತ್ತಿನಲ್ಲಿ ಇಷ್ಟೇ ಜನ ಅಂತ. ಈ ಉಕ್ರೇನಿಯನ್ ವಾದಕ್ಕೆ ಒಂದು ಆಧಾರ ಇದೆ, ತಳ್ಳಿಹಾಕುವಂತಿಲ್ಲ. ಪೋಲಿಷ್‌ನ ಅಚ್ಚ ಪದಗಳಲ್ಲಿ ಹ ಧ್ವನಿ ಕಡಿಮೆ. ಅದೇ ಬೇರಿನ ಪದ ಚೆಕ್, ಉಕ್ರೇನಿಯನ್‌ಗಳಲ್ಲಿ ಹ ಆಗಿದ್ದರೆ ಪೋಲಿಷ್‌ನಲ್ಲಿ ಗ ಆಗಿರುತ್ತದೆ. ಬೆಟ್ಟಕ್ಕೆ ಅವರು ಹೊರಾ ಅಂದರೆ ಪೋಲರು ಗುರಾ ಅನ್ನುತ್ತಾರೆ. ಆದ್ದರಿಂದ ಪೋಲಿಷ್ ಹೆಸರೊಂದು ಎಚ್‌ನಿಂದ ಶುರುವಾದರೆ ಅದರ ಹಿಂದಿನ ಪದ ಹೊರಗಿನಿಂದ ಬಂದಿರುವ ಸಾಧ್ಯತೆ ಜಾಸ್ತಿ. ಪದ ಹೊರಗಿನದಾದರೆ ಕುಟುಂಬವೂ ಹೊರಗಿನದೇ? ಜಾಲತಾಣ ಎರಡನ್ನೂ ಒಂದೇ ಅಂತ ತಿಳಿದಿತ್ತು.

ಇಲ್ಲಿ ಒಂದು ನಿರ್ಧಾರ ಮಾಡಿದೆವು. ಅರ್ಥದ ಪ್ರಶ್ನೆಯನ್ನು ಕಟ್ಟಕಡೆಗೆ ಇಡುವುದು, ಮೊದಲು ಊರು ಹುಡುಕುವುದು. ಅಪರೂಪದ ಹೆಸರಿಗೆ ಇದು ಇನ್ನೂ ಮುಖ್ಯ. ನಮ್ಮ ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಅನ್ನುವ ಮನೆತನಗಳಿವೆ ಅಲ್ವಾ? ಪೋಲೆಂಡಿನಲ್ಲೂ ಹಾಗೇ ಕಪುಸ್ತಾ ಅಂದರೆ ಎಲೆಕೋಸು, ತ್ಸೆಬುಲಾ ಅಂದರೆ ಈರುಳ್ಳಿ, ವ್ರೂಬೆಲ್ ಅಂದರೆ ಗುಬ್ಬಚ್ಚಿ. ಎಲ್ಲವೂ ನಿಜವಾದ ಸರ್‌ನೇಮ್‌ಗಳು. ಆ ಪದದ ಅರ್ಥ ಗೊತ್ತಾದ ಮಾತ್ರಕ್ಕೆ ಯಾವ ಊರಿನಲ್ಲಿ, ಯಾರಿಗೆ, ಯಾಕೆ ಆ ಹೆಸರು ಅಂಟಿತು ಅಂತ ತಿಳಿಯುವುದಿಲ್ಲ.

ಎಣಿಕೆಯೊಳಗೆ ಒಂದು ನಕ್ಷೆ

ಪೋಲಿಷ್ ಸರ್‌ನೇಮ್‌ಗಳ ಲೆಕ್ಕಕ್ಕೆ ಎರಡು ಗಟ್ಟಿ ಮೂಲಗಳಿವೆ. ಎರಡೂ ಪೆಸೆಲ್ ಅನ್ನುವ ಸರ್ಕಾರಿ ಜನ ದಾಖಲಾತಿಯಿಂದ ಹುಟ್ಟಿದವು. ಒಂದು, ಈಗ ಪೋಲಿಷ್ ಸರ್ಕಾರ ಪ್ರಕಟಿಸುವ ಪಟ್ಟಿ. ಅದು ಹೊಸದು, ಆದರೆ ಗಂಡಸರ ಪಟ್ಟಿ ಬೇರೆ, ಹೆಂಗಸರದ್ದು ಬೇರೆ. ಕೊವಾಲ್ಸ್ಕಿ ಗಂಡಸಾದರೆ ಅವನ ಹೆಂಡತಿ ಕೊವಾಲ್ಸ್ಕಾ. ಒಂದೇ ಪಟ್ಟಿ ನೋಡಿ ಬಂದವರು ಅರ್ಧ ಲೆಕ್ಕ ಹೇಳುತ್ತಿರುತ್ತಾರೆ. ಜಾಲತಾಣದ ಸಂಖ್ಯೆ ಗಂಡಸರ ಪಟ್ಟಿಗೆ ಸರಿಯಾಗಿ ಹೊಂದುತ್ತಿತ್ತು. ಹೆಂಗಸರನ್ನು ಅದು ಎಣಿಸಿಯೇ ಇರಲಿಲ್ಲ.

ಇನ್ನೊಂದು, ಭಾಷಾವಿಜ್ಞಾನಿ ಕಾಜಿಮೆಷ್ ರಿಮುಟ್ 1992ರಿಂದ 1994ರವರೆಗೆ ಹತ್ತು ಸಂಪುಟಗಳಲ್ಲಿ ತಂದ ನಿಘಂಟು. 1990ರ ಮಾಹಿತಿ ಅದರದ್ದು, ಜನಸಂಖ್ಯೆಯ ಸುಮಾರು ಶೇ. 94 ಭಾಗವನ್ನು ಮುಟ್ಟುತ್ತದೆ. ಹಳೆಯದಾಯಿತಲ್ಲ ಅಂತ ಬಹಳ ಜನ ಇದನ್ನು ಬದಿಗಿಡುತ್ತಾರೆ. ನಾನು ಮಾತ್ರ ಅಪರೂಪದ ಹೆಸರು ಬಂದಾಗಲೆಲ್ಲ ಮೊದಲು ತೆರೆಯುವುದು ಇದನ್ನೇ. ಒಂದೊಂದು ಹೆಸರಿಗೂ ಒಂದೊಂದು ಸಾಲು: ಹೆಸರು, ಒಟ್ಟು ಸಂಖ್ಯೆ, ಆಮೇಲೆ ಎರಡಕ್ಷರದ ಪ್ರಾಂತ್ಯ ಸಂಕೇತ ಮತ್ತು ಅಲ್ಲಿ ಎಷ್ಟು ಜನ ಅನ್ನುವುದು. 1975ರಿಂದ 1998ರವರೆಗೆ ಪೋಲೆಂಡಿನಲ್ಲಿ 49 ಸಣ್ಣ ಪ್ರಾಂತ್ಯಗಳಿದ್ದವು, ಈಗಿರುವುದು 16 ದೊಡ್ಡವು. ಊರು ಹುಡುಕುವವರಿಗೆ ಹಳೆಯ 49 ಎಷ್ಟೋ ಮೇಲು.

ನಮ್ಮ ಹೆಸರಿನ ಸಾಲು ಬಹಳ ಚಿಕ್ಕದು. ಒಟ್ಟು ಐವತ್ತಕ್ಕೂ ಕಡಿಮೆ. ಅದರಲ್ಲಿ ದೊಡ್ಡ ಗುಂಪು ವಾರ್ಸಾದ ಉತ್ತರಕ್ಕಿರುವ ಚೆಹಾನುಫ್ ಪ್ರಾಂತ್ಯದಲ್ಲಿ. ಎರಡನೆಯ ಗುಂಪು ಅದಕ್ಕೂ ಉತ್ತರದ ಓಲ್ಷ್ಟಿನ್ ಪ್ರಾಂತ್ಯದಲ್ಲಿ. ಉಕ್ರೇನ್ ಗಡಿಯ ಪ್ರಾಂತ್ಯಗಳಲ್ಲಿ ಒಬ್ಬರೂ ಇಲ್ಲ.

ಎರಡು ಗುಂಪು ಅಂದ ತಕ್ಷಣ ಎರಡು ಮೂಲ ಅಂತ ಅನ್ನಿಸುತ್ತದೆ. ಆದರೆ ಓಲ್ಷ್ಟಿನ್ 1945ರವರೆಗೆ ಜರ್ಮನಿಯ ಪೂರ್ವ ಪ್ರಷ್ಯಾದಲ್ಲಿತ್ತು. ಯುದ್ಧದ ನಂತರ ಗಡಿಗಳು ಸರಿದವು, ಅಲ್ಲಿದ್ದ ಜರ್ಮನರಲ್ಲಿ ಬಹುಪಾಲು ಜನ ಓಡಿಹೋದರು ಇಲ್ಲವೇ ಹೊರಹಾಕಲ್ಪಟ್ಟರು. ಖಾಲಿಯಾದ ಹಳ್ಳಿಗಳಿಗೆ ಪೂರ್ವದಿಂದಲೂ ಪಕ್ಕದ ಮಧ್ಯ ಪೋಲೆಂಡಿನಿಂದಲೂ ಜನ ಬಂದು ನೆಲೆಸಿದರು. ಪೋಲಿಷ್ ಸರ್‌ನೇಮ್‌ಗಳ ಯಾವ ನಕ್ಷೆ ನೋಡಿದರೂ ಪಶ್ಚಿಮ ಮತ್ತು ಉತ್ತರದ ಈ ಪ್ರದೇಶಗಳನ್ನು ಮನಸ್ಸಿನಲ್ಲೇ ಮುಚ್ಚಿಕೊಂಡು ನೋಡಬೇಕು. ಅಲ್ಲಿರುವ ಚುಕ್ಕೆಗಳು ಹೆಚ್ಚಾಗಿ 1945ರ ನಂತರದವು. ಅವನ್ನು ಬಿಟ್ಟರೆ ನಮಗೆ ಉಳಿದದ್ದು ಒಂದೇ ಗುಂಪು, ಒಂದೇ ಪ್ರಾಂತ್ಯ.

ಇನ್ನೊಂದು ತೊಡಕು ಬಾಕಿ ಇತ್ತು. ಇವತ್ತಿನ ಪೋಲಿಷ್‌ನಲ್ಲಿ ಒಂಟಿ ಎಚ್ ಮತ್ತು ಜೋಡಿ ಸಿಎಚ್ ಎರಡನ್ನೂ ಹೆಚ್ಚಿನವರು ಒಂದೇ ರೀತಿ ಉಚ್ಚರಿಸುತ್ತಾರೆ. ಹಾಗೇ ಇನ್ನೊಂದು ಜೋಡಿ ಇದೆ, ಮೇಲೆ ಗೀಟಿರುವ ಓ ಮತ್ತು ಯು. ಕಿವಿಗೆ ಒಂದೇ ಕೇಳುವುದರಿಂದ ಬರೆಯುವವನ ಕೈ ಜಾರಿದಲ್ಲಿ ಹೊಸ ಸರ್‌ನೇಮ್ ಹುಟ್ಟಿಬಿಡುತ್ತದೆ. ಹೊಯ್ನಾತ್ಸ್ಕಿ ಅನ್ನುವ ಹೆಸರು ಸಿಎಚ್‌ನಿಂದ ಬರೆದರೆ ಬಹಳ ಸಾಮಾನ್ಯ, ಎಚ್‌ನಿಂದ ಬರೆದರೆ ಅಪರೂಪ. ನಮ್ಮ ಹೆಸರಿಗೂ ಒಂದು ಸಿಎಚ್ ರೂಪ ಇತ್ತು, ಅದನ್ನು ಹೊತ್ತವರು ನೂರಾರು ಜನ. ಅವರನ್ನು ಸೇರಿಸಿಕೊಂಡರೆ ಹೆಸರು ಅಷ್ಟೇನೂ ಅಪರೂಪವಲ್ಲ, ಬಿಟ್ಟರೆ ಅಪರೂಪ. ಆದರೆ ಅವರ ಗುಂಪು ಬೇರೆಯೇ ಕಡೆ, ಪೂರ್ವ ಪೋಲೆಂಡಿನ ಲುಬ್ಲಿನ್ ಸುತ್ತಮುತ್ತ. ಸಂಖ್ಯೆ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಹಳ್ಳಿಯ ದಾಖಲೆಯಲ್ಲಿ ಪಾದ್ರಿಗಳು ತಲೆತಲಾಂತರ ಯಾವ ಅಕ್ಷರ ಬರೆದರು ಅನ್ನುವುದೇ ಹೇಳಬೇಕು.

ಊರು

ಹಡಗಿನ ಪಟ್ಟಿಯಲ್ಲಿ ಹಳ್ಳಿಯ ಹೆಸರಿತ್ತು, ಆದರೆ ಗುಮಾಸ್ತನ ಕಿವಿಗೆ ಬಿದ್ದಂತೆ. ಅದಕ್ಕೆ ಹೊಂದುವ ಹಳ್ಳಿಗಳು ಒಂದೇ ಪ್ರಾಂತ್ಯದಲ್ಲೇ ಹಲವು. ಪೋಲೆಂಡಿನಲ್ಲಿ ಒಂದೇ ಹೆಸರಿನ ಹಳ್ಳಿಗಳಿಗೆ ಕೊನೆಯಿಲ್ಲ. ಹೊಸೂರು ಅನ್ನುವ ಅರ್ಥದ ನೊವಾ ವ್ಯೆಶ್ ಎಷ್ಟು ಕಡೆ ಇದೆಯೋ.

ದಾರಿ ತೋರಿಸಿದ್ದು ಅಮೆರಿಕದಲ್ಲೇ ಇದ್ದ ಒಂದು ಪುಸ್ತಕ. ಗಣಿ ಪಟ್ಟಣದಲ್ಲಿ ಪೋಲರದ್ದೇ ಒಂದು ಪ್ಯಾರಿಷ್, ಅಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಜನರ ವ್ಯಾಪ್ತಿ, ಇತ್ತು. ಅಲ್ಲಿನ ಪಾದ್ರಿಯೂ ಪೋಲಿಷ್‌ನವರು. ಅಜ್ಜನ ಮದುವೆಯನ್ನು ಅವರು ಲ್ಯಾಟಿನ್‌ನಲ್ಲಿ ದಾಖಲಿಸುವಾಗ ವರ ಯಾವ ಪ್ಯಾರಿಷ್‌ನಿಂದ ಬಂದವನು ಅಂತ ಒಂದಕ್ಷರವೂ ತಪ್ಪಿಲ್ಲದೆ ಬರೆದಿದ್ದರು. ಇಂಗ್ಲಿಷ್ ಗುಮಾಸ್ತನಿಗೆ ಕೇವಲ ಒಂದು ಸದ್ದಾಗಿದ್ದದ್ದು ಆ ಪಾದ್ರಿಗೆ ಗೊತ್ತಿರುವ ಊರು. ಪೋಲಿಷ್ ವಲಸಿಗರ ಮೂಲ ಹುಡುಕುವವರು ಸರ್ಕಾರಿ ಕಾಗದಗಳನ್ನೆಲ್ಲ ತರಿಸಿ ಚರ್ಚಿನ ಪುಸ್ತಕವನ್ನು ಕೊನೆಗೆ ನೋಡುತ್ತಾರೆ. ನನ್ನ ಮಟ್ಟಿಗೆ ಆ ಕ್ರಮ ಉಲ್ಟಾ ಆಗಬೇಕು.

ಪ್ಯಾರಿಷ್ ಹೆಸರು ಸಿಕ್ಕ ಮೇಲೆ ಹಳ್ಳಿಗಾಗಿ 1880ರಿಂದ 1902ರವರೆಗೆ ಬಂದ ಹಳೆಯ ಪೋಲಿಷ್ ಭೌಗೋಳಿಕ ನಿಘಂಟನ್ನು ನೋಡಿದೆವು. ಹದಿನೈದು ಸಂಪುಟ, ಪ್ರತಿ ಹಳ್ಳಿಗೂ ಅದು ಯಾವ ಪ್ಯಾರಿಷ್‌ಗೆ ಸೇರಿದ್ದು ಅಂತ ಇರುತ್ತದೆ. ಹೊಂದುವ ಹಳ್ಳಿ ಒಂದೇ ಉಳಿಯಿತು. ಚೆಹಾನುಫ್ ಪ್ರಾಂತ್ಯ, ರಿಮುಟ್ ನಿಘಂಟಿನ ಸಾಲು ಹೇಳಿದ ಜಾಗವೇ.

1868ರಲ್ಲಿ ಮಾಯವಾದ ಕುಟುಂಬ

ಇಲ್ಲಿಂದ ಮುಂದೆ ಸುಲಭ ಅಂದುಕೊಂಡರೆ ನಿಜವಾದ ತೊಡಕು ಇಲ್ಲೇ ಸಿಕ್ಕಿತು.

ಪೋಲೆಂಡಿನಲ್ಲಿ ಗೆನೆಟೆಕಾ ಅನ್ನುವ ದೊಡ್ಡ ಸೂಚಿ ಇದೆ. ಪೋಲಿಷ್ ವಂಶಾವಳಿ ಸಂಘದ ಸ್ವಯಂಸೇವಕರು ಹುಟ್ಟು, ಮದುವೆ, ಸಾವಿನ ಪುಸ್ತಕಗಳನ್ನು ಒಂದೊಂದಾಗಿ ಓದಿ ಹೆಸರು ದಾಖಲಿಸುತ್ತ ಬಂದಿದ್ದಾರೆ. ಅವರ ಶ್ರಮಕ್ಕೆ ಎಷ್ಟು ಕೈ ಮುಗಿದರೂ ಸಾಲದು. ಅದರಲ್ಲಿ ಆ ಪ್ಯಾರಿಷ್ ತೆಗೆದು ಎಚ್ ಹೆಸರು ಹಾಕಿದರೆ 1820ರ ದಶಕದಿಂದ 1867ರವರೆಗೆ ಸಾಲು ಸಾಲು ಹುಟ್ಟು, ಸಾವು. 1868ರಿಂದ ಒಂದೂ ಇಲ್ಲ. 1880ರ ದಶಕದಲ್ಲಿ ಅಲ್ಲೇ ಹುಟ್ಟಿರಬೇಕಾದ ಅಜ್ಜನೂ ಇಲ್ಲ.

ಒಂದು ಕುಟುಂಬ ಹೀಗೆ ಒಂದೇ ಏಟಿಗೆ ಕಾಣೆಯಾದರೆ ಮನಸ್ಸು ದೊಡ್ಡ ಕಾರಣ ಹುಡುಕುತ್ತದೆ. ಕಾಲರಾ ಇರಬಹುದೇ? 1852 ಮತ್ತು 1855ರಲ್ಲಿ ಆ ಭಾಗದಲ್ಲಿ ಕಾಲರಾ ಬಹಳ ಜನರನ್ನು ತಿಂದಿತ್ತು. ಆದರೆ ಇಸವಿ ಹೊಂದುವುದಿಲ್ಲ. ರಷ್ಯಾದ ವಿರುದ್ಧ ಎದ್ದ ದಂಗೆ ಇರಬಹುದೇ? 1863ರ ಜನವರಿಯಲ್ಲಿ ಶುರುವಾದ ಆ ದಂಗೆ ಸೋತ ಮೇಲೆ ಸಾವಿರಾರು ಜನರನ್ನು ಸೈಬೀರಿಯಾಕ್ಕೆ ಗಡಿಪಾರು ಮಾಡಿದ್ದು ನಿಜ. ಆ ಮಹಿಳೆಗೆ ಈ ಉತ್ತರ ಬಹಳ ಹಿಡಿಸಿತು, ಗೋಡೆಯ ಲಾಂಛನಕ್ಕೂ ಹೊಂದುತ್ತಿತ್ತು. ಗಡಿಪಾರಾದವರ ಪಟ್ಟಿಗಳನ್ನು ಹುಡುಕೋಣ ಅಂದರು. ನಾನು ಬೇಡ ಅಂದೆ. ಗಡಿಪಾರಾದರೂ ಇಡೀ ಕುಟುಂಬದಲ್ಲಿ ಯಾರಾದರೂ ಉಳಿಯುತ್ತಾರೆ. ಅದೂ ಅಲ್ಲದೆ 1868 ಆ ಪ್ರದೇಶದ ದಾಖಲೆ ಓದುವವರಿಗೆಲ್ಲ ಗೊತ್ತಿರುವ ಇಸವಿ. ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲೆಂಡಿನಲ್ಲಿ ಹುಟ್ಟು, ಮದುವೆ, ಸಾವಿನ ಪುಸ್ತಕಗಳನ್ನು ಪೋಲಿಷ್ ಬಿಟ್ಟು ರಷ್ಯನ್‌ನಲ್ಲೇ ಬರೆಯಬೇಕು ಅನ್ನುವ ಕ್ರಮ ಜಾರಿಗೆ ಬಂದದ್ದು ಆ ವರ್ಷ.

ಹಾಗಾಗಿ ಸೂಚಿಯನ್ನು ಬಿಟ್ಟು ಅಜ್ಜ ಹುಟ್ಟಿರಬಹುದಾದ ವರ್ಷಗಳ ಸ್ಕ್ಯಾನ್‌ಗಳನ್ನು ಪುಟ ಪುಟವಾಗಿ ಓದಿದೆವು. ಅಜ್ಜ ಸಿಕ್ಕರು. ಪುಟ ಹೀಗಿತ್ತು: ಓರೆಯಾಗಿ ಕೂಡಿಸಿ ಬರೆದ ರಷ್ಯನ್ ಅಕ್ಷರ, ಅಂಚಿನಲ್ಲಿ ಕ್ರಮಸಂಖ್ಯೆ ಮತ್ತು ಹಳ್ಳಿಯ ಹೆಸರು, ಮೊದಲ ಸಾಲಿನಲ್ಲೇ ಎರಡು ತಾರೀಕು. ರಷ್ಯಾದ ಹಳೆ ಪಂಚಾಂಗಕ್ಕೂ ಪೋಲರ ಪಂಚಾಂಗಕ್ಕೂ ಆಗ 12 ದಿನ ವ್ಯತ್ಯಾಸ, ಅದಕ್ಕೆ ಎರಡನ್ನೂ ಬರೆಯುತ್ತಿದ್ದರು. ತಂದೆಯ ವಯಸ್ಸು, ತಾಯಿಯ ತವರಿನ ಹೆಸರು, ಇಬ್ಬರು ಸಾಕ್ಷಿಗಳು, ಅವರಿಗೆ ಓದು ಬರಹ ಬರುವುದಿಲ್ಲ ಅನ್ನುವ ಟಿಪ್ಪಣಿ, ಕೆಳಗೆ ಪಾದ್ರಿಯ ಸಹಿ ಮಾತ್ರ. ತಾಯಿಯ ಹೆಸರು ಅಮೆರಿಕದ ಮದುವೆ ಪುಸ್ತಕಕ್ಕೆ ಸರಿಹೊಂದುತ್ತಿತ್ತು. ಮನೆತನದ ಹೆಸರಿನ ಮೊದಲಕ್ಷರ ಮಾತ್ರ ರಷ್ಯನ್‌ನ 'ಗೆ', ಅಂದರೆ ಗ ಧ್ವನಿಯ ಅಕ್ಷರ.

ರಷ್ಯನ್‌ನಲ್ಲಿ ನಮ್ಮ ಹ ಧ್ವನಿಗೆ ಸರಿಯಾದ ಅಕ್ಷರ ಇಲ್ಲ. ಹೊರಗಿನ ಹೆಸರಿನಲ್ಲಿ ಹ ಬಂದರೆ ವಾಡಿಕೆಯಂತೆ ಗ ಬರೆಯುತ್ತಾರೆ. ಹ್ಯಾಂಬರ್ಗ್ ಇವತ್ತಿಗೂ ಅವರಿಗೆ ಗಾಂಬುರ್ಗ್. ಪಾದ್ರಿ ತಪ್ಪು ಮಾಡಿರಲಿಲ್ಲ. ಮುಂದೆ ನೂರು ವರ್ಷ ಕಳೆದ ಮೇಲೆ ಸ್ವಯಂಸೇವಕರು ಆ ಪುಟ ಓದಿ ಸೂಚಿ ಮಾಡುವಾಗ ಗ ಇದ್ದದ್ದನ್ನು ಜಿ ಅಂತಲೇ ಇಳಿಸಿದರು. ಅವರ ಮೇಲೂ ತಪ್ಪು ಹೊರಿಸುವಂತಿಲ್ಲ. ಎಲ್ಲರಿಗೂ ಗೊತ್ತಿರುವ ಹೆಸರಾಗಿದ್ದರೆ ಇದು ಎಚ್ ಇರಬೇಕು ಅಂತ ಹೊಳೆಯುತ್ತಿತ್ತು. ಯಾರೂ ಕೇಳಿರದ ಹೆಸರಿಗೆ ಸರಿ ಯಾವುದು ಅಂತ ಯಾರಿಗೆ ಹೊಳೆಯಬೇಕು? ಅಪರೂಪದ ಹೆಸರು ಸೂಚಿಗಳಲ್ಲಿ ಇನ್ನಷ್ಟು ಅಪರೂಪವಾಗಿ ಕಾಣುವುದು ಈ ಕಾರಣಕ್ಕೆ.

ಜಿ ಹಾಕಿ ಹುಡುಕಿದರೆ ಮಾಯವಾಗಿದ್ದ ಕುಟುಂಬ ಪೂರ್ತಿ ಎದ್ದುಬಂತು. ಅಜ್ಜನ ಅಣ್ಣತಮ್ಮಂದಿರು, ದೊಡ್ಡಪ್ಪಂದಿರ ಮಕ್ಕಳು, ಹುಟ್ಟಿ ಕೆಲವೇ ವಾರದಲ್ಲಿ ತೀರಿಹೋದ ಒಂದು ಹೆಣ್ಣುಮಗು. ಆದರೂ ಎಚ್ ಮತ್ತು ಜಿ ಒಂದೇ ಮನೆ ಅನ್ನುವುದು ಆಗಿನ್ನೂ ನಮ್ಮ ಊಹೆ. ಅದನ್ನು ಗಟ್ಟಿ ಮಾಡಿದ್ದು ಮುತ್ತಜ್ಜನ ಮದುವೆ ದಾಖಲೆ. ಆ ಮದುವೆ ಪುಸ್ತಕ ಸೂಚಿಗೇ ಸೇರಿರಲಿಲ್ಲ. ಹುಟ್ಟಿನ ಪುಸ್ತಕ ಸೂಚಿಯಾಗಿ ಅದೇ ಪ್ಯಾರಿಷ್‌ನ ಮದುವೆ ಪುಸ್ತಕ ಬಾಕಿ ಉಳಿಯುವುದು ಮಾಮೂಲು, ಯಾವ ವರ್ಷ ಯಾವ ಪುಸ್ತಕ ಆಗಿದೆ ಅಂತ ಮೊದಲೇ ನೋಡಿಕೊಳ್ಳಬೇಕು. ರಷ್ಯನ್ ಕಾಲದ ದಾಖಲೆಗಳಲ್ಲಿ ಎಷ್ಟೋ ಪಾದ್ರಿಗಳು ಮುಖ್ಯ ವ್ಯಕ್ತಿಯ ಹೆಸರನ್ನು ರಷ್ಯನ್‌ನಲ್ಲಿ ಬರೆದು, ಪಕ್ಕದ ಕಂಸದಲ್ಲಿ ಪೋಲಿಷ್ ಅಕ್ಷರಗಳಲ್ಲೂ ಬರೆಯುತ್ತಿದ್ದರು. ವರನ ಹೆಸರಿನ ಪಕ್ಕದ ಕಂಸದಲ್ಲಿ ಸ್ಪಷ್ಟವಾಗಿ ಎಚ್ ಇತ್ತು. ತಂದೆ ತಾಯಿಯ ಹೆಸರು 1867ಕ್ಕಿಂತ ಮುಂಚಿನ ಹುಟ್ಟಿನ ದಾಖಲೆಯ ಜೊತೆ ಹೊಂದಿತು.

ಮದುವೆ ಕಾಗದಗಳ ಕಟ್ಟು

ಅಲ್ಲಿಂದ ಹಿಂದಕ್ಕೆ ಹೋಗುವುದು 1808ರವರೆಗೆ ಕಷ್ಟವಾಗಲಿಲ್ಲ. ನೆಪೋಲಿಯನ್ ಕಾಲದ ವಾರ್ಸಾ ಡಚಿಯಲ್ಲಿ ಶುರುವಾದ ನಾಗರಿಕ ದಾಖಲೆಗಳು ಅಲ್ಲಿಂದ ಸಿಗುತ್ತವೆ. ಎರಡೆರಡು ಪ್ರತಿ ಮಾಡುತ್ತಿದ್ದರು, ಒಂದು ಪ್ಯಾರಿಷ್‌ನಲ್ಲಿ ಉಳಿದರೆ ಇನ್ನೊಂದು ನ್ಯಾಯಾಲಯಕ್ಕೆ ಹೋಗುತ್ತಿತ್ತು. ಈ ಪ್ಯಾರಿಷ್‌ನ ಮರದ ಚರ್ಚು ಹತ್ತೊಂಬತ್ತನೆಯ ಶತಮಾನದ ನಡುವೆ ಸುಟ್ಟುಹೋಗಿತ್ತು, ಎರಡನೆಯ ಪ್ರತಿ ಸರ್ಕಾರಿ ಪತ್ರಾಗಾರದಲ್ಲಿ ಉಳಿದಿತ್ತು. ಆದರೆ 1808ಕ್ಕಿಂತ ಹಿಂದಿನ ಲ್ಯಾಟಿನ್ ಪುಸ್ತಕಗಳಿಗೆ ಎರಡನೆಯ ಪ್ರತಿ ಇರಲಿಲ್ಲ. ಹೆಸರಿನ ಹುಟ್ಟು ಇದ್ದದ್ದು ಸರಿಯಾಗಿ ಆ ಬೂದಿಯಾದ ಪುಸ್ತಕಗಳಲ್ಲಿ.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಾವು ಅಲೆಗಾತಾ ಕೇಳಿದೆವು. ಅಲೆಗಾತಾ ಅಂದರೆ ಮದುವೆಗೆ ಲಗತ್ತಿಸಿದ ಕಾಗದಗಳ ಕಟ್ಟು. ಮದುವೆಯಾಗುವವರು ತಮ್ಮ ಹುಟ್ಟಿನ ದಾಖಲೆಯ ನಕಲು, ಮೊದಲ ಗಂಡನೋ ಹೆಂಡತಿಯೋ ತೀರಿದ್ದರೆ ಆ ಸಾವಿನ ನಕಲು, ಹಿರಿಯರ ಒಪ್ಪಿಗೆ ಇವನ್ನೆಲ್ಲ ಕೊಡಬೇಕಿತ್ತು. ಮದುವೆಯ ಕ್ರಮಸಂಖ್ಯೆಯ ಪ್ರಕಾರ ಅವನ್ನು ಕಟ್ಟಿಡುತ್ತಿದ್ದರು. ನಕಲು ಮಾಡಿಕೊಟ್ಟದ್ದು ಬೆಂಕಿ ಬೀಳುವ ಮುಂಚೆ. ಆದ್ದರಿಂದ ಮೂಲ ಪುಸ್ತಕ ಹೋದರೂ ಅದರ ತುಣುಕುಗಳು ಈ ಕಟ್ಟುಗಳಲ್ಲಿ ಬದುಕಿರುತ್ತವೆ.

ಎಚ್ ಹೆಸರು ಹೊತ್ತ, ನಮಗೆ ಗೊತ್ತಿದ್ದ ಅತಿ ಹಿರಿಯನ ಮದುವೆ 1830ರ ಆಸುಪಾಸಿನದ್ದು. ಅದರ ಲಗತ್ತುಗಳಲ್ಲಿ ನಾಲ್ಕಾಗಿ ಮಡಿಸಿದ ಅರ್ಧ ಹಾಳೆ. ಲ್ಯಾಟಿನ್‌ನಲ್ಲಿ ಅವನ ಹುಟ್ಟಿನ ನಕಲು, ಪಾದ್ರಿಯ ಮೊಹರು. ಅದರಲ್ಲಿ ಅವನ ತಂದೆಯ ಹೆಸರಿನ ಮುಂದೆ ಮೊದಲು ಒಂದು -ಸ್ಕಿ ಹೆಸರು, ಆಮೇಲೆ ವೆಲ್, ಆಮೇಲೆ ನಮ್ಮ ಎಚ್ ಹೆಸರು. ವೆಲ್ ಅಂದರೆ ಲ್ಯಾಟಿನ್‌ನಲ್ಲಿ ಅಥವಾ. ಆ -ಸ್ಕಿ ಹೆಸರೋ, ಇವತ್ತು ಪೋಲೆಂಡಿನಲ್ಲಿ ಹತ್ತಾರು ಸಾವಿರ ಜನ ಹೊತ್ತಿರುವಂಥದ್ದು.

ಒಂದು ಕಾಗದ ಸಾಲದು ಅಂತ ಆ ಹಳ್ಳಿಯ 1808ರ ನಂತರದ ಹುಟ್ಟುಗಳನ್ನೆಲ್ಲ ತೆಗೆದೆವು. ಆಗಿನ ದಾಖಲೆಗಳಲ್ಲಿ ಮಗು ಯಾವ ಸಂಖ್ಯೆಯ ಮನೆಯಲ್ಲಿ ಹುಟ್ಟಿತು ಅಂತ ಬರೆಯುತ್ತಿದ್ದರು. ಇಬ್ಬರು ಅಣ್ಣತಮ್ಮಂದಿರ ಮಕ್ಕಳು, ಒಂದೇ ಮನೆ ಸಂಖ್ಯೆ, ಕೆಲವೇ ವರ್ಷಗಳ ಅಂತರ. ಅಣ್ಣನ ಮಕ್ಕಳು -ಸ್ಕಿ ಹೆಸರಿನಲ್ಲಿ, ತಮ್ಮನ ಮಕ್ಕಳು ಎಚ್ ಹೆಸರಿನಲ್ಲಿ. ಹಳ್ಳಿಯ ಉಳಿದ ಮನೆಗಳನ್ನು ನೋಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ, ಅಲ್ಲಿ ಅದೇ -ಸ್ಕಿ ಹೆಸರಿನ ಮನೆಗಳು ತುಂಬಾ ಇದ್ದವು. ಇವರನ್ನು ಗುರುತಿಸಲು ಊರವರು ಒಂದು ಅಡ್ಡಹೆಸರು ಇಟ್ಟಿದ್ದರು. ಸರ್ಕಾರಕ್ಕೆ ಒಬ್ಬನಿಗೆ ಒಂದೇ ಹೆಸರು ಬೇಕಾದಾಗ ಅಣ್ಣನ ಪಾಲಿಗೆ ಹಳೆಯದು ಉಳಿಯಿತು, ತಮ್ಮನ ಪಾಲಿಗೆ ಅಡ್ಡಹೆಸರು. ಇವತ್ತು ಜಗತ್ತಿನಲ್ಲಿ ಈ ಎಚ್ ಹೆಸರು ಹೊತ್ತವರಲ್ಲಿ ನಾವು ಜಾಡು ಹಿಡಿಯಲು ಸಾಧ್ಯವಾದ ಪ್ರತಿಯೊಬ್ಬರೂ ಆ ತಮ್ಮನಲ್ಲಿಗೇ ಬಂದು ಸೇರುತ್ತಾರೆ.

ಅದೇ ನಕಲಿನಲ್ಲಿ ತಂದೆಯ ಹೆಸರಿಗೆ ಮುಂಚೆ ಲಾಬೊರಿಯೋಸುಸ್ ಅಂತ ಇತ್ತು. ಆ ಕಾಲದ ಲ್ಯಾಟಿನ್ ಪುಸ್ತಕಗಳಲ್ಲಿ ಕುಲೀನರಾದರೆ ನೋಬಿಲಿಸ್ ಅಥವಾ ಗೆನೆರೋಸುಸ್, ರೈತರಾದರೆ ಲಾಬೊರಿಯೋಸುಸ್, ಅಂದರೆ ದುಡಿಯುವವನು. ಲಾಂಛನದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆ ಮಹಿಳೆಗೆ ಬೇಸರವಾಗಬಹುದು ಅಂದುಕೊಂಡಿದ್ದೆ. ಗಣಿಗೆ ಇಳಿದ ಅಜ್ಜನ ಅಜ್ಜನಿಗೆ ಸರಿಯಾದ ಬಿರುದೇ ಸಿಕ್ಕಿದೆ ಅಂತ ಅವರು ಬರೆದರು.

ಅರ್ಥಕ್ಕೆ ಈಗ ಬಂದೆವು. ಪದ ಒಂದು ಕೈಕೆಲಸದ ಉಪಕರಣದ ಹೆಸರು, ಜರ್ಮನ್‌ನಿಂದ ಪೋಲಿಷ್‌ಗೆ ಬಂದದ್ದು. ಕೊಕ್ಕೆಗೆ ಹಾಕ್, ಬಡಗಿಯ ಉಜ್ಜುಗೊರಡಿಗೆ ಹೆಬೆಲ್ ಅನ್ನುವುದೂ ಹಾಗೇ ಬಂದ ಪದಗಳು (ನಮ್ಮ ಹೆಸರು ಇವೆರಡೂ ಅಲ್ಲ). ಪದ ಜರ್ಮನ್ ಕಡೆಯದು, ಹೊತ್ತವರು ಮಧ್ಯ ಪೋಲೆಂಡಿನ ರೈತರು. ಉಕ್ರೇನ್ ಈ ಕಥೆಯಲ್ಲಿ ಎಲ್ಲೂ ಇಲ್ಲ. ಲುಬ್ಲಿನ್ ಕಡೆಯ ಸಿಎಚ್ ರೂಪದವರೂ ಹೊರಗುಳಿದರು. ಪೋಲಿಷ್‌ನಲ್ಲಿ ಬರೆದಷ್ಟು ಕಾಲವೂ ಈ ಪ್ಯಾರಿಷ್‌ನ ಪಾದ್ರಿಗಳು ಒಂಟಿ ಎಚ್ ಬಿಟ್ಟು ಬೇರೆ ಬರೆದಿಲ್ಲ.

ಎಷ್ಟು ಜನ?

ಈ ಪ್ರಶ್ನೆ ಬದುಕಿರುವವರ ಬಗ್ಗೆ. ಪೋಲೆಂಡಿನಲ್ಲಿ ಹುಟ್ಟಿನ ದಾಖಲೆ ನೂರು ವರ್ಷ, ಮದುವೆ ಮತ್ತು ಸಾವಿನ ದಾಖಲೆ ಎಂಬತ್ತು ವರ್ಷ ಸಾರ್ವಜನಿಕರಿಗೆ ಸಿಗುವುದಿಲ್ಲ. ಓಲ್ಷ್ಟಿನ್ ಕಡೆಯವರು ಇದೇ ಮನೆಯವರು ಅಂತ ಕಾಗದದಲ್ಲಿ ತೋರಿಸಲು ದಾರಿ ಇರಲಿಲ್ಲ, ಕೇಳಬೇಕು. ಎಲ್ಲರಿಗೂ ಪತ್ರ ಬರೆಯೋಣ ಅಂತ ಆ ಮಹಿಳೆಗೆ ಆಸೆ. ಹೆಸರು ಅಪರೂಪವಾದಷ್ಟೂ ವಿಳಾಸ ಹುಡುಕುವುದು ಸುಲಭ, ಅದೇ ಕಾರಣಕ್ಕೆ ಕೈ ಬಿಗಿ ಹಿಡಿಯಬೇಕು ಅನ್ನುವುದು ನನ್ನ ಅಭಿಪ್ರಾಯ. ಕೊನೆಗೆ ಒಂದೆರಡು ಮನೆಗಳಿಗೆ ಮಾತ್ರ, ಪೋಲಿಷ್‌ನಲ್ಲಿ, ಕಾಗದದ ಪತ್ರ ಹೋಯಿತು. ಏನೂ ಕೇಳದೆ ನಮಗೆ ಗೊತ್ತಾದದ್ದನ್ನು ಮೊದಲು ಹೇಳಿ, ಇಷ್ಟವಿದ್ದರೆ ಉತ್ತರಿಸಿ ಅಂತ ಬರೆದೆವು.

ಒಂದು ಮನೆಯಿಂದ ಉತ್ತರ ಬಂತು. ಅವರ ಅಜ್ಜ ಯುದ್ಧ ಮುಗಿದ ಮೇಲೆ ಅದೇ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಉತ್ತರಕ್ಕೆ ಹೋದವರು. ಸಮಾಧಿಯ ಮೇಲಿನ ಹೆಸರುಗಳನ್ನು ಬರೆದು ಕಳಿಸಿದ್ದರು, ಸೂಚಿಯ ಹೆಸರುಗಳಿಗೆ ಹೊಂದಿತು. ಇದನ್ನೆಲ್ಲ ಎಲ್ಲರೂ ನೋಡುವ ಜಾಗದಲ್ಲಿ ಹಾಕಬೇಡಿ ಅಂತ ಕೇಳಿಕೊಂಡಿದ್ದರು. ಅವರ ಮಾತಿಗೆ ಕಟ್ಟುಬಿದ್ದೇ ಈ ಬರಹದಲ್ಲಿ ಹೆಸರಿಲ್ಲ.

ಅದೇ ಪತ್ರದಿಂದ ಇನ್ನೊಂದು ವಿಷಯ ತಿಳಿಯಿತು. 1918ರಲ್ಲಿ ಪೋಲೆಂಡ್ ಮತ್ತೆ ದೇಶವಾದ ಮೇಲೆ ಒಂದು ಕವಲಿನವರು ರಷ್ಯನ್ ಕಾಲದ ದಾಖಲೆಯಿಂದ ಹೊಸ ಕಾಗದ ಮಾಡಿಸಿಕೊಂಡರು. ಅಲ್ಲಿದ್ದ ಗ ಹಾಗೇ ಜಿ ಆಗಿ ಉಳಿಯಿತು. ಅವರು ಈಗಲೂ ಜಿ ಹೆಸರಿನವರು, ಸರ್ಕಾರದ ಪಟ್ಟಿಯಲ್ಲಿ ಬೇರೆಯೇ ಸರ್‌ನೇಮ್. ಹಾಗಾಗಿ ಕೊನೆಗೆ ಆ ಮಹಿಳೆಗೆ ಕೊಟ್ಟ ಉತ್ತರದಲ್ಲಿ ಎರಡು ಲೆಕ್ಕ ಇತ್ತು. ಎಚ್ ಹೆಸರು ಹೊತ್ತವರು ಪೋಲೆಂಡಿನಲ್ಲಿ ಐವತ್ತಕ್ಕಿಂತ ಕಡಿಮೆ. ಅದೇ ತಮ್ಮನ ವಂಶದವರಾಗಿ ಜಿ ಹೆಸರು ಹೊತ್ತವರು ಇನ್ನೂ ಹತ್ತು ಹದಿನೈದು ಜನ. ಅಣ್ಣನ ವಂಶದವರು ಆ -ಸ್ಕಿ ಹೆಸರಿನ ಹತ್ತಾರು ಸಾವಿರ ಜನರ ನಡುವೆ ಸೇರಿಹೋಗಿದ್ದಾರೆ. ಸರ್‌ನೇಮ್ ಎಣಿಸುವ ಯಾವ ಪಟ್ಟಿಯೂ ಅವರನ್ನು ಬೇರ್ಪಡಿಸಿ ಕೊಡುವುದಿಲ್ಲ.

ಸೂಚಿಯಲ್ಲಿ ಜಿ ಆಗಿದ್ದ ದಾಖಲೆಗಳಿಗೆ ಪುಟದ ಆಧಾರ ಸಮೇತ ತಿದ್ದುಪಡಿ ಕಳಿಸಿದ್ದೇವೆ. ಆ ಮಹಿಳೆ ಈಗ ಕೇಳುತ್ತಿರುವುದು ಆ ಅಣ್ಣನ ಕಡೆಯವರ ಬಗ್ಗೆ, ಅವರಲ್ಲಿ ಯಾರಾದರೂ ಇನ್ನೂ ಅದೇ ಹಳ್ಳಿಯಲ್ಲಿದ್ದಾರಾ ಅಂತ. ಅದಕ್ಕೆ 1880ರ ನಂತರದ ಮದುವೆ ಪುಸ್ತಕಗಳು ಬೇಕು. ಅವು ಸೂಚಿಯಾಗಿಲ್ಲ, ಪುಟ ಪುಟವಾಗಿ ಓದುತ್ತಿದ್ದೇವೆ.